ಅತ್ತಿಗೆಯ ಹೆಬ್ಬೆರಳು

ನಮ್ಮ ಅತ್ತಿಗೆಗೆ ಕೋಪ ಬರುವುದಿಲ್ಲ. ಇದನ್ನು ಬರೀ ಹೊಗಳಿಕೆ ಎಂದು ತಿಳಿಯಬೇಡಿ. ಜೊತೆಯಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಎದುರಿನವರ ಮಾತು ಮುಗಿಯುವ ಮುಂಚೆಯೇ ಸಿಡುಕುವವಳು. ಒಂದು ಕೈಯಲ್ಲಿ ಚಪ್ಪಾಳೆಯಾಗದು ಎನ್ನುತ್ತಾರೆ. ಒಂದೇ ಮನೆಯಲ್ಲಿ, ಒಂದೇ ಅಂಗಡಿಯಲ್ಲಿ ನಾನು ವರ್ಷಗಟ್ಟಲೆ ಒಂದೇ ಕೈ ಬೀಸಿಕೊಂಡು ಕೂತಿದ್ದೇನೆ.

ಅವರು ನನ್ನ ಅಣ್ಣನ ಹೆಂಡತಿ. ಗಂಡನ ಮನೆಗಿಂತ ಅಣ್ಣನ ಮನೆಯೇ ವಾಸಿ ಎಂದು ನಾನು ಒಂದು ಸೂಟ್‌ಕೇಸು ಹಿಡಿದು ವಾಪಸು ಬಂದಾಗ ಬಾಗಿಲು ತೆಗೆದವರು ಅತ್ತಿಗೆಯೇ. ಯಾಕೆ ಬಂದೆ ಎಂದು ಕೇಳಲಿಲ್ಲ. ಎಷ್ಟು ದಿನ ಇರುತ್ತೀಯ ಎಂದೂ ಕೇಳಲಿಲ್ಲ. ನನ್ನ ತಲೆಯತ್ತ ನೋಡಿ, "ತುದಿಯೆಲ್ಲಾ ಸೀಳಿಹೋಗಿದೆಯಲ್ಲೇ, ಕೂತ್ಕೋ, ಒಂಚೂರು ಕತ್ತರಿಸಿಬಿಡ್ತೀನಿ" ಎಂದರು. ಕೂತೆ. ಅವತ್ತು ಕೂತವಳು ಇನ್ನೂ ಎದ್ದಿಲ್ಲ.

ಅತ್ತಿಗೆಯದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುವ ಶಟರನ್ನು ಬೈದು ಎತ್ತಿದರೆ ಒಳಗೆ ಗೋಡೆಯುದ್ದಕ್ಕೂ ಕನ್ನಡಿ, ಅದರ ಮುಂದೆ ಮೂರು ಕುರ್ಚಿ, ಹಿಂದೆ ತಲೆ ತೊಳೆಯುವ ತೊಟ್ಟಿ, ಅದರ ಮೇಲೆ ಟವಲು ಒಣಹಾಕುವ ಹಗ್ಗ. ಬಾಗಿಲ ಪಕ್ಕದ ಗಲ್ಲಾದಲ್ಲಿ ನಾನು. ಫೋನು ಎತ್ತುವುದು, ಶಾಂಪೂ ಮಾರುವುದು, ಬಿದ್ದ ಕೂದಲು ಗುಡಿಸುವುದು, ತಡವಾಗಿ ಬಂದವರಿಗೆ ಮುಖ ಗಂಟು ಹಾಕಿ ತೋರಿಸುವುದು ನನ್ನ ಕೆಲಸ. ಕಿಟಕಿಯ ಬೆಳಕಿಗೆ ಒಂದು ಪುಟ್ಟ ಮೇಜು ಹಾಕಿಕೊಂಡು, ಉಗುರು ತಿದ್ದಿ ಬಣ್ಣ ಹಚ್ಚುವ ಹೆಂಗಸೊಬ್ಬಳು ಕೂರುತ್ತಾಳೆ. ಎಲ್ಲರ ಬಾಯಲ್ಲೂ ಅವಳು ಉಗುರಿನಾಕೆ. ಮೊಮ್ಮಕ್ಕಳನ್ನು ಕಂಡವಳು, ಆದರೂ ನಾಲಿಗೆ ಮಾತ್ರ ಹದಿಹರೆಯದ್ದು.

ಕೂದಲು ಕತ್ತರಿಸುವ ಗುಟ್ಟು ಹೆಬ್ಬೆರಳಲ್ಲಿದೆ. ಮನೆಯಲ್ಲಿ ಬಟ್ಟೆ ಕತ್ತರಿಸುವಾಗ ನಾವು ಕತ್ತರಿಯ ಹಿಡಿಯ ತೂತಿಗೆ ಹೆಬ್ಬೆರಳನ್ನು ಪೂರಾ ತೂರಿಸುತ್ತೇವೆ. ಅತ್ತಿಗೆ ಹಾಗೆ ಮಾಡುವುದಿಲ್ಲ. ಬೆರಳಿನ ತುದಿ ಮಾತ್ರ, ಉಗುರಿನ ಬುಡದವರೆಗೆ, ಅಷ್ಟೇ ಒಳಗೆ. ಒಂದು ಅಲಗು ಕದಲದೆ ನಿಂತಿರುತ್ತದೆ, ಇನ್ನೊಂದನ್ನು ಆ ತುದಿ ಆಡಿಸುತ್ತದೆ. ಕೈ ಕುಲುಕುವುದಿಲ್ಲ, ತೋಳು ನೋಯುವುದಿಲ್ಲ, ಕೂದಲು ಗೆರೆ ಎಳೆದ ಹಾಗೆ ಬೀಳುತ್ತದೆ. ಅವರ ಕೈಗೆ ತಲೆ ಕೊಟ್ಟವರು ಊರು ಬಿಟ್ಟುಹೋದ ಮೇಲೂ ರೈಲು ಹತ್ತಿ ಬರುತ್ತಿದ್ದರು. ಆಗೆಲ್ಲ ನನಗೇ ಜಂಬ, ನಾನೇ ಕತ್ತರಿಸಿದ ಹಾಗೆ.

ಅತ್ತಿಗೆಯದೊಂದು ಹಟ ಇತ್ತು. ಕೂದಲಿಗೆ ಡೈ ಹಚ್ಚುವಾಗ ಕೈಗವಸು ತೊಡುವುದಿಲ್ಲ. "ಬುಡಕ್ಕೆ ಹತ್ತಿತೋ ಇಲ್ಲವೋ ಬೆರಳಿಗೆ ಗೊತ್ತಾಗಬೇಕು" ಎನ್ನುತ್ತಿದ್ದರು. ಹಾಗಾಗಿ ಅವರ ಉಗುರುಗಳು ವರ್ಷವಿಡೀ ಕಪ್ಪೋ ಕಂದೋ ಆಗಿರುತ್ತಿದ್ದವು. ಹಿಟ್ಟು ನಾದುವವರ ಕೈಯಲ್ಲಿ ಹಿಟ್ಟು ಕಂಡರೆ ಯಾರಾದರೂ ಗಾಬರಿಯಾಗುತ್ತಾರೆಯೆ? ನಮ್ಮ ಅಂಗಡಿಯಲ್ಲಿ ಕಪ್ಪು ಉಗುರೂ ಹಾಗೆಯೇ. ಅದಕ್ಕೇ, ಬಲ ಹೆಬ್ಬೆರಳ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಒಂದು ಕಪ್ಪು ಗೆರೆ ಮೂಡಿದಾಗ ನಾವು ಯಾರೂ ಎರಡನೆಯ ಸಲ ನೋಡಲಿಲ್ಲ. ಡೈ ಎಂದರು ಅತ್ತಿಗೆ. ಡೈ ಎಂದೆ ನಾನು. ಡೈ ಇರಬೇಕು ಎಂದ ಅಣ್ಣ, ಪೇಪರಿನಿಂದ ತಲೆ ಎತ್ತದೆ.

ಆ ಗೆರೆ ನಿಂಬೆಸಿಪ್ಪೆ ತಿಕ್ಕಿದರೂ ಹೋಗಲಿಲ್ಲ, ಕಲೆ ತೆಗೆಯುವ ಕ್ರೀಮಿಗೂ ಜಗ್ಗಲಿಲ್ಲ. ತಿಂಗಳುಗಳು ಕಳೆದಂತೆ ಅಗಲವಾಯಿತು. ಅಂದವಾಗಿಸುವ ಅಂಗಡಿಯವರೇ ಹೀಗೆ ಕಂಡರೆ ಗಿರಾಕಿಗಳು ಏನೆಂದುಕೊಂಡಾರು ಎಂದು ಅತ್ತಿಗೆ ಅದರ ಮೇಲೆ ಗಾಢ ಕೆಂಪು ಬಣ್ಣ ಬಳಿದುಕೊಳ್ಳಲು ಶುರುಮಾಡಿದರು. ಒಂದೇ ಉಗುರಿಗೆ ಬಳಿದರೆ ನಗುತ್ತಾರೆಂದು ಹತ್ತಕ್ಕೂ ಬಳಿದರು. ಬಣ್ಣ ಸವೆದಾಗ ತೆಗೆಯದೆ ಅದರ ಮೇಲೇ ಇನ್ನೊಂದು ಕೋಟು. ಹೀಗೆ ಒಂದು ವರ್ಷವೋ, ಅದಕ್ಕಿಂತ ಹೆಚ್ಚೋ, ಆ ಗೆರೆ ಕೆಂಪು ಮುಸುಕಿನ ಕೆಳಗೆ ಆರಾಮವಾಗಿ ಬೆಳೆಯಿತು.

ಇದನ್ನು ಸಹಿಸದವಳು ಉಗುರಿನಾಕೆ. ಅವಳಿಗೆ ಕಾಯಿಲೆಯ ಚಿಂತೆಯೇನೂ ಇರಲಿಲ್ಲ. ಅವಳ ಸಂಕಟ ಬೇರೆ.

"ಅಕ್ಕಾ, ನಾನು ಇಲ್ಲಿ ಉಗುರಿನ ಅಂಗಡಿ ಇಟ್ಕೊಂಡು ಕೂತಿದ್ದೀನಿ. ನೀವು ಗೋಡೆಗೆ ಸುಣ್ಣ ಬಳಿದ ಹಾಗೆ ಬಳ್ಕೊಂಡು ಓಡಾಡ್ತೀರಿ. ನಿಮ್ಮ ಕೈ ನೋಡಿದೋರು ನಾನೇ ಬಳಿದಿದ್ದು ಅಂದ್ಕೊಳ್ತಾರೆ. ನನ್ನ ಮಾನ ಹೋಗ್ತಿದೆ!"

"ಸುಮ್ನಿರೇ, ಯಾರು ನೋಡ್ತಾರೆ."

"ನಾನು ನೋಡ್ತೀನಿ. ಕೊಡಿ ಇಲ್ಲಿ ಕೈ."

ಗಿರಾಕಿಗಳಿಲ್ಲದ ಮಧ್ಯಾಹ್ನ ಅದು. ಅವಳು ಅತ್ತಿಗೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ಕಿಟಕಿಯ ಮೇಜಿನ ಮುಂದೆ ಕೂರಿಸಿ, ಹತ್ತಿಗೆ ಬಣ್ಣ ತೆಗೆಯುವ ನೀರು ಹಾಕಿ ಒಂದೊಂದೇ ಬೆರಳು ಒರೆಸಿದಳು. ಬೈಯುತ್ತಾ ಒರೆಸುತ್ತಿದ್ದವಳು ಬಲ ಹೆಬ್ಬೆರಳಿಗೆ ಬಂದು ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದಳೆಂದರೆ ನಾನು ಗಲ್ಲಾ ಬಿಟ್ಟು ಎದ್ದು ಬರಲೇಬೇಕು. ಬಂದೆ. ಉಗುರಿನ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು. ಉಗುರು ನಡುವೆ ಸೀಳಿತ್ತು. ಬುಡದ ಚರ್ಮಕ್ಕೂ ಕಪ್ಪು ಇಳಿದಿತ್ತು, ಒದ್ದೆ ಬಟ್ಟೆಗೆ ಶಾಯಿ ಇಳಿದ ಹಾಗೆ.

"ಅಕ್ಕಾ, ಡೈ ಆಗಿದ್ರೆ ಉಗುರು ಬೆಳೆದ ಹಾಗೆ ಮುಂದಕ್ಕೆ ಹೋಗ್ಬೇಕಿತ್ತು. ಇದು ಬುಡದಿಂದಾನೇ ಹೊಸದಾಗಿ ಬರ್ತಿದೆ" ಎಂದಳು. ದನಿ ತಗ್ಗಿತ್ತು.

ಮಾರನೆಯ ದಿನವೇ ನಾವು ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋದೆವು. ಅವರು ಬೆರಳನ್ನು ಒಮ್ಮೆ ನೋಡಿ, ಔಷಧಿ ಬರೆಯದೆ, ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಉಗುರಿನ ಅಡಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು: ಮೆಲನೋಮ. ಚರ್ಮದ ಕ್ಯಾನ್ಸರುಗಳಲ್ಲಿ ತಂಟೆಕೋರ ಜಾತಿ.

ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ದುಂಡು ಮುಖದವರು, ಅವಸರವಿಲ್ಲದೆ ಮಾತಾಡುವವರು. ನನ್ನ ಸಿಡುಕು ಮಾತ್ರ ಅಲ್ಲೂ ಮುಂದೆ ನುಗ್ಗಿತು. "ಅದು ಬಿಸಿಲಿಗೆ ಬೆಳ್ಳಗಿರೋರಿಗೆ ಬರೋ ಕಾಯಿಲೆ ಅಲ್ವಾ ಡಾಕ್ಟ್ರೇ? ನಮ್ಮ ಅತ್ತಿಗೆ ಬಿಸಿಲೇ ಕಂಡಿಲ್ಲ. ಬೆಳ್ಳಗೂ ಇಲ್ಲ!"

"ಬೆಳ್ಳಗಿರೋರಿಗೆ ಹೆಚ್ಚು ಬರುತ್ತೆ, ನಿಜ" ಎಂದರು ಡಾಕ್ಟರಮ್ಮ. "ನಮ್ಮಂಥ ಮೈಬಣ್ಣದೋರಿಗೆ ಅಪರೂಪ. ಆದ್ರೆ ಬಂದಾಗ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ಬರೋದು ಜಾಸ್ತಿ. ಯಾರೂ ನೋಡದ ಜಾಗಗಳು. ನಮ್ಮೋರು ಬರೋ ಹೊತ್ತಿಗೆ ತಡ ಆಗಿರುತ್ತೆ. ಬೇಗ ಬಂದೋರು ಬಹಳ ಮಟ್ಟಿಗೆ ಉಳ್ಕೊಳ್ತಾರೆ. ತಡವಾದೋರ ವಿಷಯ ಹಾಗೆ ಹೇಳಕ್ಕಾಗಲ್ಲ."

ಅತ್ತಿಗೆ ಕೇಳಿದ್ದು ಒಂದೇ. "ಡೈಯಿಂದ ಬಂತಾ?"

"ಇಲ್ಲ. ಡೈ ಮಾಡಿದ ತಪ್ಪು ಒಂದೇ, ಮುಚ್ಚಿಟ್ಟಿದ್ದು."

ಆಮೇಲೆ ಡಾಕ್ಟರಮ್ಮ ಹೇಳಬೇಕಾದದ್ದನ್ನು ಹೇಳಿದರು. ಹೆಬ್ಬೆರಳಿನ ತುದಿಯನ್ನು ಗಂಟಿನವರೆಗೆ ತೆಗೆಯಬೇಕು. ಜೊತೆಗೆ ಕಂಕುಳಿನ ಗ್ರಂಥಿಯನ್ನೂ ನೋಡಬೇಕು, ಹರಡಿದೆಯೋ ಇಲ್ಲವೋ ಎಂದು. ಅತ್ತಿಗೆ ಕೈಚೀಲದಿಂದ ಕತ್ತರಿ ತೆಗೆದರು. ಆಸ್ಪತ್ರೆಗೆ ಕತ್ತರಿ ಹಿಡಿದು ಬಂದಿದ್ದಾರೆಂದು ನನಗೂ ಗೊತ್ತಿರಲಿಲ್ಲ. ಬೆರಳ ತುದಿಯನ್ನು ಹಿಡಿಗೆ ಸಿಕ್ಕಿಸಿ, ಗಾಳಿಯಲ್ಲಿ ನಾಲ್ಕು ಸಲ ಆಡಿಸಿ ತೋರಿಸಿದರು. "ನೋಡಿ ಡಾಕ್ಟ್ರೇ, ನನಗೆ ಬೇಕಾಗಿರೋದು ಇಷ್ಟೇ ಇಷ್ಟು. ಇದನ್ನ ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ತೆಗೀರಿ."

ಡಾಕ್ಟರಮ್ಮ ಕತ್ತರಿಯನ್ನೂ ಬೆರಳನ್ನೂ ನೋಡಿದರು. "ಕಾಯಿಲೆ ಇರೋದೂ ಅಷ್ಟೇ ಜಾಗದಲ್ಲಿ" ಎಂದರು.

ಅತ್ತಿಗೆ ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದರು. ಯೋಚಿಸುವುದು ಏನಿತ್ತು? ಬೆರಳು ಕೊಟ್ಟು ಜೀವ ಉಳಿಸಿಕೊಳ್ಳುವುದು. ಲೋಕವೆಲ್ಲ ಹಾಗೇ ಹೇಳಿತು, ನಾನಂತೂ ದಿನಕ್ಕೆ ಹತ್ತು ಸಲ ಕೂಗಿ ಹೇಳಿದೆ. ಅತ್ತಿಗೆ ಹೂಂ ಎನ್ನುತ್ತಿದ್ದರು, ಬೆಳಗಾದರೆ ಅದೇ ಬೆರಳಿನಿಂದ ಕತ್ತರಿ ಹಿಡಿಯುತ್ತಿದ್ದರು. ಒಂದು ವಾರ ಹೋಯಿತು, ಎರಡಾಯಿತು. ಆಸ್ಪತ್ರೆಯಿಂದ ಫೋನು ಬಂದರೆ "ಈ ಮದುವೆ ತಿಂಗಳು ಮುಗೀಲಿ" ಎನ್ನುತ್ತಿದ್ದರು. ಅವರ ಕೈಯಲ್ಲಿ ಕೂದಲು ಕತ್ತರಿಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವರ ತಪ್ಪೇನು ಪಾಪ.

ಅಣ್ಣ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸದವನು. ಮೋಟಾರಿನ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಮಾತು ಬಿಟ್ಟವನು, ಮನೆಗೆ ಬಂದ ಮೇಲೂ ಹಿಡಿಯಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಅವನು ತಾನೇ ಶಟರ್ ಎತ್ತಿ, ನಮ್ಮಿಬ್ಬರನ್ನೂ ಕರೆದು, ನಡುಕುರ್ಚಿಯಲ್ಲಿ ಕೂತು, ಕತ್ತಿಗೆ ತಾನೇ ಬಟ್ಟೆ ಕಟ್ಟಿಕೊಂಡ.

"ಕತ್ತರಿಸು" ಎಂದ ಅತ್ತಿಗೆಗೆ.

"ಹೋದ ವಾರ ತಾನೇ ಕತ್ತರಿಸಿದ್ದು?"

"ಅದು ಬಲಗೈಯಲ್ಲಿ ಕತ್ತರಿಸಿದ್ದು. ಎಡಗೈಯಲ್ಲಿ ಕತ್ತರಿಸು."

ಅತ್ತಿಗೆ ಕತ್ತರಿ ಮುಟ್ಟಲಿಲ್ಲ. ಅಣ್ಣ ಕನ್ನಡಿಯಲ್ಲೇ ಅವರನ್ನು ನೋಡಿ ಹೇಳಿದ, "ನನ್ನ ತಲೆ ಹಾಳಾದ್ರೆ ನೋಡೋರು ಯಾರು? ಪಂಪು. ಎಷ್ಟು ತಿಂಗಳು ಬೇಕೋ ಅಷ್ಟು ತಿಂಗಳು ಇದರ ಮೇಲೆ ಕಲಿ. ನೀನಿಲ್ದೆ ಹೋದ್ರೆ ನಾನು ಈ ತಲೇನ ಯಾರಿಗೆ ಕೊಡ್ಲಿ?"

ಅವನ ಬಾಯಿಂದ ಅಷ್ಟುದ್ದದ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತಿಗೆ ಎಡಗೈಗೆ ಕತ್ತರಿ ತೆಗೆದುಕೊಂಡರು. ಬಲಗೈಯವರ ಕತ್ತರಿ ಎಡಗೈಯಲ್ಲಿ ಕತ್ತರಿಸುವುದಿಲ್ಲ, ಕೂದಲನ್ನು ಮಡಚಿ ಜಗಿಯುತ್ತದೆ. ಅಣ್ಣ ಹಲ್ಲು ಕಚ್ಚಿ ಕೂತ. ಮುಗಿದಾಗ ಅವನ ತಲೆ ಇಲಿ ಕಡಿದ ಚಾಪೆಯ ಹಾಗಿತ್ತು. ನಾನು ನಕ್ಕುಬಿಟ್ಟೆ, ಅತ್ತಿಗೆಯೂ ನಕ್ಕರು, ನಗುತ್ತಲೇ ಅವನ ಹೆಗಲ ಮೇಲೆ ಹಣೆ ಇಟ್ಟು ಅತ್ತರು. ಮಾರನೆಯ ದಿನ ಆಸ್ಪತ್ರೆಗೆ ತಾವೇ ಫೋನು ಮಾಡಿದರು.

ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಪರೀಕ್ಷೆಯ ಫಲ ಬರುವವರೆಗೆ ನನಗೆ ನಿದ್ದೆಯಿಲ್ಲ, ಅತ್ತಿಗೆ ಮಾತ್ರ ವಾರ್ಡಿನಲ್ಲಿ ಯಾರ ಕೂದಲು ಹೇಗಿದೆ ಎಂದು ನೋಡುತ್ತಾ ಮಲಗಿದ್ದರು. ಕೊನೆಗೆ ಡಾಕ್ಟರಮ್ಮ ಬಂದು, ಗೆಡ್ಡೆ ಅಕ್ಕಿಕಾಳಿನ ದಪ್ಪದಷ್ಟೂ ಆಳಕ್ಕೆ ಇಳಿದಿಲ್ಲ, ಕಂಕುಳಿನ ಗ್ರಂಥಿ ಶುದ್ಧವಾಗಿದೆ ಎಂದರು. ಈ ಕಾಯಿಲೆಯಲ್ಲಿ ಅಗಲಕ್ಕಿಂತ ಆಳ ಮುಖ್ಯವಂತೆ. ಇನ್ನಷ್ಟು ತಡಮಾಡಿದ್ದರೆ ಮಾತು ಬೇರೆಯಾಗುತ್ತಿತ್ತಂತೆ. ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ನಾನು ಅವರ ಕೈ ಹಿಡಿದುಕೊಂಡು ಏನೇನೋ ಬಡಬಡಿಸಿದೆ.

ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಒಬ್ಬರು ಪರಿಚಯವಾದರು. ಒಂದು ಗೋದಾಮಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದವರು. ಬಲಗಾಲಿಗೆ ದಪ್ಪ ಬ್ಯಾಂಡೇಜು, ತೊಡೆಸಂದಿಯಲ್ಲೂ ಹೊಲಿಗೆ. ಅವರದೂ ಇದೇ ಕಾಯಿಲೆ, ಅಂಗಾಲಿನಲ್ಲಿ. ದಿನವೆಲ್ಲ ಕರಿ ಬೂಟು ಹಾಕಿ ನಿಲ್ಲುವ ಕೆಲಸ. ಹಿಮ್ಮಡಿಯಲ್ಲಿ ಕಪ್ಪು ಕಂಡಾಗ ಬೂಟಿನ ಬಣ್ಣ ಎಂದುಕೊಂಡರು. ಗಾಯವಾದಾಗ ಬೂಟು ಕಚ್ಚಿದ್ದು ಎಂದುಕೊಂಡರು. ಎರಡು ವರ್ಷ ಹಾಗೆಯೇ ನಿಂತರು. ತೊಡೆಸಂದಿಯಲ್ಲಿ ಗಂಟೆದ್ದ ಮೇಲೆ ಬಂದರು.

"ಜೀವನಪೂರ್ತಿ ಗೇಟಲ್ಲಿ ಯಾರು ಒಳಗೆ ಬಂದ್ರು, ಯಾರು ಹೊರಗೆ ಹೋದ್ರು ಅಂತ ನೋಡಿದ್ದೇ ಕೆಲಸ ತಾಯೀ" ಎಂದರು ಅತ್ತಿಗೆಗೆ. "ಈ ಕಳ್ಳ ನನ್ನ ಕಾಲಡಿಯಿಂದಾನೇ ಬಂದ. ಅಲ್ಲಿ ಯಾರು ಬಗ್ಗಿ ನೋಡ್ತಾರೆ?"

ಅವರ ಕೂದಲು ಕಿವಿ ಮುಚ್ಚಿತ್ತು. ಅತ್ತಿಗೆಯ ಕಸುಬು ತಿಳಿದ ಮೇಲೆ, ಮಗಳು ಹೊರದೇಶದಿಂದ ನೋಡಲು ಬರುತ್ತಾಳೆ, ಹೀಗೆ ಕಾಡುಮನುಷ್ಯನ ಹಾಗೆ ಕಾಣಬಾರದು, ಒಂದು ಸಲ ಕತ್ತರಿಸುತ್ತೀರಾ ಎಂದು ಕೇಳಿದರು. ಅತ್ತಿಗೆ ಬಲಗೈಯ ಬ್ಯಾಂಡೇಜು ಎತ್ತಿ ತೋರಿಸಿ, "ಎಡಗೈ ಇನ್ನೂ ಕಲೀತಿದೆ, ಅಣ್ಣಾ" ಎಂದರು.

"ಎಡಗೈಯೋ ಬಲಗೈಯೋ, ಕಿವಿ ಎರಡೂ ಉಳಿಸಿದ್ರೆ ಸಾಕು."

ಅಷ್ಟರಲ್ಲಿ ಉಗುರಿನಾಕೆ ಎಲ್ಲಿಂದಲೋ ಹುಡುಕಿ ಎಡಗೈಯವರ ಕತ್ತರಿಯೊಂದನ್ನು ತಂದುಕೊಟ್ಟಿದ್ದಳು. ಆ ಬೆಂಚಿನ ಮೇಲೆಯೇ ನಾನು ಬಾಚಣಿಗೆ ಹಿಡಿದು ಕೂದಲು ಎತ್ತಿಕೊಟ್ಟೆ, ಅತ್ತಿಗೆ ಕತ್ತರಿಸಿದರು. ಬಲಗೈಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ವಾಚ್‌ಮನ್ನರು ಕೈಗನ್ನಡಿಯಲ್ಲಿ ಎರಡೂ ಕಿವಿ ನೋಡಿಕೊಂಡು, "ಹಾಜರಿ ಸರಿಯಾಗಿದೆ" ಎಂದರು. ಅವರು ಆ ಮಳೆಗಾಲ ದಾಟಲಿಲ್ಲ. ಸುದ್ದಿ ತಿಳಿದ ದಿನ ಅತ್ತಿಗೆ ಆ ಕತ್ತರಿಯನ್ನು ತುಂಬ ಹೊತ್ತು ಒರೆಸುತ್ತಾ ಕೂತಿದ್ದರು.

ಎಡಗೈ ಕಲಿಯುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷವೇ ಬೇಕಾಯಿತು. ಕನ್ನಡಿಯಲ್ಲಿ ಎಲ್ಲವೂ ತಿರುವುಮುರುವು, ಗಿರಾಕಿಯ ಎಡಬದಿಗೆ ಹೋಗಬೇಕಾದಲ್ಲಿ ಬಲಬದಿಗೆ ಹೋಗುತ್ತಿದ್ದರು. ಕೆಲವು ಗಿರಾಕಿಗಳು ಮೆಲ್ಲಗೆ ಬೇರೆ ಅಂಗಡಿ ಹುಡುಕಿಕೊಂಡರು. ಉಳಿದವರು ಒಂದು ಕಡೆ ವಾಲಿದ ತಲೆಯನ್ನೇ ಹೊತ್ತು ಹೋದರು, ಮತ್ತೆ ಬಂದರು. ಅಣ್ಣನ ತಲೆ ವಾರಕ್ಕೊಮ್ಮೆ ಬೋಳಾಗುತ್ತಾ ಹೋಯಿತು. "ಕೂದಲು ಬೆಳೆಯೋಕೆ ಅವಕಾಶನೇ ಕೊಡ್ತಿಲ್ಲ" ಎಂದು ಅವನು ಒಮ್ಮೆ ನನ್ನ ಹತ್ತಿರ ಗುಟ್ಟಾಗಿ ದೂರಿದ್ದು ಬಿಟ್ಟರೆ ಇನ್ನೇನೂ ಹೇಳಲಿಲ್ಲ. ಬಲಗೈಯ ಮೋಟು ಹೆಬ್ಬೆರಳು ಬಾಚಣಿಗೆ ಹಿಡಿಯುವುದನ್ನು ಕಲಿಯಿತು. ನನ್ನ ಕಣ್ಣೆದುರೇ ಆ ಹೆಂಗಸು ಒಂದು ಕಸುಬನ್ನು ಎರಡನೆಯ ಸಲ ಮೊದಲಿನಿಂದ ಕಲಿತರು, ಯಾರ ಮೇಲೂ ರೇಗದೆ, ತಮ್ಮ ಕೈಯ ಮೇಲೂ ರೇಗದೆ. ನಾನಾಗಿದ್ದರೆ ಕತ್ತರಿಯನ್ನು ಕನ್ನಡಿಗೆ ಎಸೆದಿರುತ್ತಿದ್ದೆ.

ಆಗಲೇ ಅವರು ಹೊಸ ಪದ್ಧತಿಯೊಂದನ್ನು ತಂದದ್ದು. ಡೈ ಹಚ್ಚಿದ ಮೇಲೆ ಬಣ್ಣ ಹಿಡಿಯುವವರೆಗೆ ಗಿರಾಕಿ ಅರ್ಧ ಗಂಟೆ ಎದ್ದೇಳುವ ಹಾಗಿಲ್ಲ. ಆ ಹೊತ್ತಿನಲ್ಲಿ ಅತ್ತಿಗೆ ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂರುತ್ತಿದ್ದರು. "ಚಪ್ಪಲಿ ಬಿಡಿ, ಅಂಗಾಲು ತೋರ್ಸಿ." ಕಾಲು ಆದಮೇಲೆ ಅಂಗೈ, ಅಂಗೈ ಆದಮೇಲೆ ಉಗುರು. ಬಣ್ಣ ಬಳಿದ ಉಗುರಾದರೆ ಉಗುರಿನಾಕೆ ಹತ್ತಿ ಹಿಡಿದು ಸಿದ್ಧ. ಅವಳೂ ತನ್ನ ಮೇಜಿಗೊಂದು ಕಾನೂನು ಮಾಡಿಕೊಂಡಿದ್ದಳು, ಬರಿ ಉಗುರು ನೋಡದೆ ಹೊಸ ಬಣ್ಣ ಹಚ್ಚುವುದಿಲ್ಲವೆಂದು.

ನಾನು ವಿರೋಧಿಸಿದೆ. ಚಂದ ಕಾಣಲು ಬಂದವರಿಗೆ ಕ್ಯಾನ್ಸರಿನ ಮಾತೇಕೆ? ಕೆಲವರು ನಾಚಿದರು, ಕೆಲವರಿಗೆ ಸಿಟ್ಟು ಬಂತು, ಒಬ್ಬಾಕೆ ತಲೆಯ ಡೈ ತೊಳೆಯುವ ಮುಂಚೆಯೇ ಎದ್ದು ನಡೆದಳು. "ದೊಡ್ಡೋರು ನೀವು, ಹೋಗಿ ಹೋಗಿ ಊರೋರ ಕಾಲು ತೊಡೆ ಮೇಲೆ ಇಟ್ಕೊಳ್ತೀರಲ್ಲ!" ಎಂದು ನಾನು ಕೂಗಾಡಿದೆ. ಅತ್ತಿಗೆ ಎಂದಿನಂತೆ ಹೂಂ ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯಿದೆ. ಬೇಕು ಸ್ವಾಮಿ. ಗೋಡೆಯುದ್ದ ಕನ್ನಡಿ ಇಟ್ಟುಕೊಂಡವರೇ ಒಂದು ವರ್ಷ ಅಂಗೈ ನೋಡಿರಲಿಲ್ಲ.

ಅವರಿಗೆ ಕಂಡ ಕಪ್ಪುಗಳಲ್ಲಿ ಬಹುಪಾಲು ಏನೂ ಅಲ್ಲ. ಹುಟ್ಟುಮಚ್ಚೆ, ಮುಳ್ಳು ಮುರಿದದ್ದು, ಆಣಿ, ಚಪ್ಪಲಿಯ ಬಣ್ಣ. ಅತ್ತಿಗೆ ಇದು ಇಂಥದ್ದೇ ಎಂದು ಯಾರಿಗೂ ಹೇಳುತ್ತಿರಲಿಲ್ಲ. "ನನಗೆ ಗೊತ್ತಾಗಲ್ಲ. ಡಾಕ್ಟ್ರಿಗೆ ಗೊತ್ತಾಗುತ್ತೆ. ತೋರ್ಸಿ" ಎನ್ನುತ್ತಿದ್ದರು. ತೋರಿಸಿದವರಲ್ಲಿ ಒಬ್ಬರದು ಮಾತ್ರ ನಿಜವಾಯಿತು. ಪಕ್ಕದ ಬೀದಿಯ ಬೇಕರಿಯಾಕೆ, ಹಿಮ್ಮಡಿಯಲ್ಲಿ ಹೆಸರುಕಾಳಿನಷ್ಟು ಕಪ್ಪು. ಓವನ್ನಿನ ಮುಂದೆ ಬರಿಗಾಲಲ್ಲಿ ನಿಂತು ಸುಟ್ಟ ಕಲೆ ಎಂದುಕೊಂಡಿದ್ದಳಂತೆ. ಅದು ಇನ್ನೂ ಮೇಲುಮೇಲೇ ಇತ್ತು. ಒಂದಿಷ್ಟು ಚರ್ಮ ತೆಗೆದು, ಬೇರೆ ಕಡೆಯದು ತಂದು ಹೊಲಿದರು, ಅಷ್ಟೇ. ಈಗ ಮೊದಲಿನ ಹಾಗೆಯೇ ನಡೆಯುತ್ತಾಳೆ. ಅವಳು ಕೇಕು ಹಿಡಿದು ಅಂಗಡಿಗೆ ಬಂದ ದಿನ ನಾನು ನನ್ನ ವಿರೋಧವನ್ನೆಲ್ಲ ಕೇಕಿನ ಜೊತೆ ನುಂಗಿದೆ.

ಹೀಗೆ ನಾಲ್ಕು ವರ್ಷ ಕಳೆದಿರಬೇಕು. ಅತ್ತಿಗೆಯ ತಪಾಸಣೆಗಳೆಲ್ಲ ಚೆನ್ನಾಗಿಯೇ ಇದ್ದವು. ಒಂದು ಬೆಳಿಗ್ಗೆ ಮದುವೆಮನೆಯ ಹೆಂಗಸರು ಮೂರೂ ಕುರ್ಚಿಯಲ್ಲಿ ಕೂತಿದ್ದರು, ಬೆಂಚಿನಲ್ಲಿ ಇನ್ನೂ ನಾಲ್ವರು. ಅತ್ತಿಗೆ ಕೈಗವಸು ತೆಗೆದರು. ಈಗ ಡೈಗೆ ಕೈಗವಸು ತೊಡುತ್ತಿದ್ದರು. ಎಡ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಉಗುರಿನ ಬುಡದಲ್ಲಿ ಕಪ್ಪು ಇತ್ತು.

ಉಗುರಿನಾಕೆ ನೋಡಿದಳು, ನಾನು ನೋಡಿದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಆ ಬೆರಳೂ ಹೋದರೆ ಕತ್ತರಿ ಹಿಡಿಯುವುದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ಅತ್ತಿಗೆ ಎಪ್ರನ್ ಬಿಚ್ಚಿದರು.

"ಎಲ್ಲಿಗೆ?" ಎಂದೆ.

"ಆಸ್ಪತ್ರೆಗೆ."

ನನಗೆ ಭಯ. ಭಯವಾದಾಗ ನನ್ನ ಬಾಯಿ ಬುದ್ಧಿಯನ್ನು ಕೇಳುವುದಿಲ್ಲ. "ಈಗಲೇ ಯಾಕೆ ಅತ್ತಿಗೆ? ಮುಂದಿನ ತಿಂಗಳು ಹೇಗೂ ತಪಾಸಣೆ ಇದೆ. ಇಷ್ಟು ಜನ ಕಾಯ್ತಿದ್ದಾರೆ. ಮೊನ್ನೆ ಶಟರ್ ಎಳೆಯುವಾಗ ಕೈ ಸಿಕ್ಕಿಕೊಂಡಿರಬೇಕು, ಅದೇ ಇದು. ಶಟರೇ!"

ಅತ್ತಿಗೆ ತಿರುಗಿದರು. ಆ ಮುಖ ನಾನು ಕಂಡದ್ದಲ್ಲ.

"ಆ ಮನುಷ್ಯ ಎರಡು ವರ್ಷ ಬೂಟು ಬೂಟು ಅಂದ! ನಾನು ಒಂದು ವರ್ಷ ಡೈ ಡೈ ಅಂದೆ! ನೀನು ಈಗ ಶಟರ್ ಅಂತೀಯಾ? ನನ್ನ ಮುಂದೆ ಶಟರ್ ಅಂತೀಯಾ? ಬಾಯಿ ಮುಚ್ಚಿ ಚಪ್ಪಲಿ ಹಾಕ್ಕೋ, ನಡಿ!"

ಮದುಮಗಳ ತಾಯಿ ತಲೆತುಂಬ ಡೈ ಹೊತ್ತುಕೊಂಡೇ, "ಹೋಗಿ ಬನ್ನಿ ಅಕ್ಕಾ, ತಲೆ ನಾವೇ ತೊಳ್ಕೊಳ್ತೀವಿ" ಎಂದರು. ನಾನು ಚಪ್ಪಲಿ ಹಾಕಿಕೊಂಡೆ.

ಡಾಕ್ಟರಮ್ಮ ಭೂತಗನ್ನಡಿಯಿರುವ ದೀಪವನ್ನು ಉಗುರಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. "ರಕ್ತ ಹೆಪ್ಪುಗಟ್ಟಿದ ಹಾಗೆ ಕಾಣ್ತಿದೆ. ಆದ್ರೆ ನಿಮ್ಮ ವಿಷಯದಲ್ಲಿ ನಾನು ಅಷ್ಟಕ್ಕೇ ಬಿಡಲ್ಲ. ಕೆಲವು ವಾರ ಕಾಯೋಣ. ಬುಡದಿಂದ ಬೆಳ್ಳಗೆ ಉಗುರು ಬಂದು ಕಪ್ಪು ಮುಂದಕ್ಕೆ ಸರಿದ್ರೆ ಅದು ಪೆಟ್ಟು. ಸರೀದೇ ಹೋದ್ರೆ ಚೂರು ತೆಗೆದು ಪರೀಕ್ಷೆ ಮಾಡ್ತೀನಿ."

"ಆಗಲಿ" ಎಂದರು ಅತ್ತಿಗೆ. "ತೆಗೀಬೇಕಾಗಿ ಬಂದ್ರೆ ಈ ಸಲ ನನ್ನನ್ನ ಕೇಳ್ಬೇಡಿ. ತೆಗೆದುಬಿಡಿ."

ವಾಪಸು ಬಂದವರು ಅಂಗಡಿ ಮುಚ್ಚುವ ಹೊತ್ತಿಗೆ ನನ್ನನ್ನು ಕರೆದು ಹಳೆಯ ಬಲಗೈ ಕತ್ತರಿಯನ್ನು ಕೈಗಿಟ್ಟರು. "ಹಿಡಿ. ಅಷ್ಟು ಒಳಗೆ ತೂರಿಸ್ಬೇಡ. ತುದಿ ಮಾತ್ರ. ಉಗುರಿನ ಬುಡದವರೆಗೆ." ಮೋಟು ಬೆರಳಿನಿಂದ ನನ್ನ ಹೆಬ್ಬೆರಳನ್ನು ಒತ್ತಿ ಕೂರಿಸಿದರು. "ನನಗೆ ಬೆರಳಿಲ್ದೇ ಹೋದ್ರೂ ಬಾಯಿದೆ, ಹೇಳ್ಕೊಡ್ತೀನಿ. ಅಂಗಡಿ ನಿಲ್ಲಬಾರದು." ಇಷ್ಟು ವರ್ಷ ಗುಡಿಸಿದವಳು ನಾನು, ಒಂದು ಎಳೆ ಕತ್ತರಿಸಿದವಳಲ್ಲ. ಯಾವ ತಲೆಯ ಮೇಲೆ ಕಲಿತೆ ಎಂದು ಹೇಳಬೇಕಾಗಿಲ್ಲ. ಅಣ್ಣ ಮಾತಾಡದೆ ಬಂದು ಕೂತು ಬಟ್ಟೆ ಕಟ್ಟಿಕೊಂಡ. ಸಂಜೆಯೆಲ್ಲ ನಾನು ಕತ್ತರಿಸಿದೆ, ಅತ್ತಿಗೆ ಹೇಳಿಕೊಟ್ಟರು. ಕಣ್ಣು ಮಾತ್ರ ಮತ್ತೆ ಮತ್ತೆ ಅವರ ಎಡ ಹೆಬ್ಬೆರಳಿಗೇ ಹೋಗುತ್ತಿತ್ತು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಉಗುರಿನಾಕೆ ಅತ್ತಿಗೆಯ ಕೈಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು. ಬೈಯಲಿಲ್ಲ, ಮಾತಾಡಲೇ ಇಲ್ಲ. ನಾನು ಗಲ್ಲಾದಿಂದ ಎದ್ದೆ.

"ಬೆಳ್ಳಗಿದೆ" ಎಂದಳು ಕೊನೆಗೆ. "ಬುಡದಲ್ಲಿ ಬೆಳ್ಳಗೆ ಬಂದಿದೆ. ಕಪ್ಪು ಮುಂದೆ ಸರಿದಿದೆ ಅಕ್ಕಾ!"

ಅದೇ ದಿನ ಡಾಕ್ಟರಮ್ಮನೂ ನೋಡಿ ಹೌದೆಂದರು. ಪೆಟ್ಟೇ. ಕೊನೆಗೂ ಅದು ಶಟರೇ. ನಾನೇ ಗೆದ್ದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮೇಲೆ ಬೀಳುತ್ತೇನೆ. ಗೆದ್ದವರು ತುಂಬಿದ ಅಂಗಡಿ ಬಿಟ್ಟು ಎದ್ದುಹೋದವರು. ಜೀವಮಾನದಲ್ಲಿ ನನಗೆ ಬೈಗುಳ ತಿನ್ನಿಸಿದವರು ಬಹಳ, ಗಂಡನ ಮನೆಯೊಂದೇ ಸಾಕು ಲೆಕ್ಕಕ್ಕೆ. ಆದರೆ ಅವತ್ತು ಅತ್ತಿಗೆ ಬೈದದ್ದನ್ನು ನೆನೆದರೆ ಈಗಲೂ ನನಗೆ ಕಣ್ಣು ತುಂಬುತ್ತದೆ.

ಅಂಗಡಿಗೆ ಮರಳಿದಾಗ ಬೆಂಚಿನಲ್ಲಿ ಗಿರಾಕಿಗಳು ಕಾಯುತ್ತಿದ್ದರು. ನಾನು ಎಲ್ಲರೆದುರು ಗಲ್ಲಾದ ಮೇಲೆ ತಲೆಯಿಟ್ಟು ಅಳತೊಡಗಿದೆ. ಅತ್ತಿಗೆ ಎಪ್ರನ್ ಕಟ್ಟಿಕೊಂಡು ನನ್ನ ಮುಂದೆ ಬಂದು ಎಡಗೈ ಚಾಚಿದರು.

"ಅಳೋದು ಆಮೇಲೆ ಅಳುವಂತೆ. ನನ್ನ ಕತ್ತರಿ ಕೊಡು. ನೀನೂ ನಿನ್ನದು ತಗೋ. ಮೊದಲನೇ ಕುರ್ಚಿ ನಿನಗೆ."